ದೀಪದ ಮೇಲಿನ ಮುದ್ರೆ ಮತ್ತು ಜೋಡಣೆಯ ಸೋರಿಕೆ

ಬಯಲಿನಲ್ಲಿ ರಂಗ ಕಟ್ಟಿ ಎಲ್‌ಇಡಿ ದೀಪ ಹಾಕುವವರು, ಆ ದೀಪಗಳನ್ನು ಬಾಡಿಗೆಗೆ ಕೊಡುವವರು ಮತ್ತು ಅದಕ್ಕೆ ಹಣ ತೆರುವ ಉತ್ಸವ ಸಮಿತಿಯವರು, ಈ ಮೂವರೂ ಇಂದು ಒಂದು ಮಾತನ್ನು ಮರುಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ದೀಪದ ಪೆಟ್ಟಿಗೆಯ ಮೇಲೆ ‘ಐಪಿ65’ ಎಂದು ಅಚ್ಚಾಗಿದ್ದರೆ ಮಳೆಯ ಚಿಂತೆ ಮುಗಿಯಿತು. ದೀಪದಿಂದ ದೀಪಕ್ಕೆ ವಿದ್ಯುತ್ ಒಯ್ಯುವ ಪ್ಲಗ್ಗು, ಸಾಕೆಟ್ಟು, ಕನೆಕ್ಟರುಗಳು ಯಾವುವಾದರೂ ನಡೆಯುತ್ತವೆ, ಹೆಚ್ಚೆಂದರೆ ಅವಕ್ಕೆ ನಾಲ್ಕು ಸುತ್ತು ಇನ್ಸುಲೇಷನ್ ಟೇಪ್ ಹಾಕಿ ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿದರೆ ಸಾಕು, ಎಂಬುದೇ ಆ ಮಾತು. ಎಲ್‌ಇಡಿ ದೀಪ ಎಳೆಯುವ ಕರೆಂಟು ಹಳೆಯ ದೀಪಗಳಿಗಿಂತ ತೀರ ಕಡಿಮೆಯಾದ್ದರಿಂದ ಕನೆಕ್ಟರಿನ ಮೇಲೆ ಬೀಳುವ ಭಾರ ಕಡಿಮೆ, ಭಾರ ಕಡಿಮೆಯಾದ್ದರಿಂದ ಅಪಾಯವೂ ಕಡಿಮೆ, ಎಂಬ ಉಪವಾದವೊಂದು ಇದರ ಬೆನ್ನಿಗಿದೆ. ಇವೆರಡೂ ತಪ್ಪು ತಿಳಿವಳಿಕೆಗಳು. ಮೊದಲನೆಯದು ಮುದ್ರೆ ಹೇಳದೆ ಇರುವುದನ್ನು ಮುದ್ರೆಯಲ್ಲಿ ಓದುತ್ತದೆ. ಎರಡನೆಯದು ಬಯಲಿನ ವಿದ್ಯುತ್ ಜಾಲದಲ್ಲಿ ಅಪಾಯ ಹುಟ್ಟುವ ಜಾಗವನ್ನೇ ಗುರುತಿಸಲಾರದು. ಕಳಚಿ ಸಾಗಿಸುವ ರಂಗದೀಪಗಳನ್ನು ಕೊಳ್ಳುವವರು ಮೊದಲು ಕನೆಕ್ಟರನ್ನು ಆರಿಸಿ, ಅದಕ್ಕೆ ಒಪ್ಪುವ ದೀಪವನ್ನು ಆಮೇಲೆ ಹುಡುಕಬೇಕೆಂಬುದು ಇಲ್ಲಿಯ ವಾದ.

ಈ ವಾದವನ್ನು ಒರೆಗೆ ಹಚ್ಚಲು ದಕ್ಷಿಣ ಗೋವಾದ ಸಾವರ್ಡೆ ತಕ್ಕ ಊರು. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್, ಕುಳೆಂ ದಾಟಿ ಮಡಗಾಂವ್, ವಾಸ್ಕೊಗಳಿಗೆ ಇಳಿಯುವ ರೈಲುಮಾರ್ಗದ ಮೇಲಿರುವ, ಜುವಾರಿ ನದಿಯ ಮೇಲ್ಭಾಗದ ಈ ಊರಿನಲ್ಲಿಯೂ ಪಕ್ಕದ ಕುಡಚಡೆಯಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಬಯಲಿನ ಕಾರ್ಯಕ್ರಮಗಳಿಗೆ ವರ್ಷದ ಹೆಚ್ಚಿನ ತಿಂಗಳು ಬಿಡುವಿಲ್ಲ. ಫಾಲ್ಗುಣದ ಶಿಗ್ಮೊ, ಅದಕ್ಕೆ ಮೊದಲಿನ ಕಾರ್ನಿವಲ್, ಚಳಿಗಾಲದ ಜಾತ್ರೆಗಳು ಮತ್ತು ಆ ಜಾತ್ರೆಗಳಲ್ಲಿ ಊರವರೇ ಬಣ್ಣ ಹಚ್ಚಿ ಆಡುವ ನಾಟಕಗಳು, ದೀಪಾವಳಿಯ ಹಿಂದಿನ ರಾತ್ರಿಯ ನರಕಾಸುರ ಸ್ಪರ್ಧೆಗಳು, ಭಾದ್ರಪದದ ಸಾರ್ವಜನಿಕ ಗಣೇಶೋತ್ಸವ, ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಹತ್ತಿರದ ಜಾಂಬಾವಲಿಯ ದಾಮೋದರ ದೇವಸ್ಥಾನದ ಗುಲಾಲು ಹಬ್ಬದ ದಿನಗಳಲ್ಲೂ ರಾತ್ರಿ ನಾಟಕಗಳಾಗುತ್ತವೆ. ಕುಡಚಡೆಯ ರವೀಂದ್ರ ಭವನದಂಥ ಸುಸಜ್ಜಿತ ಸಭಾಂಗಣದೊಳಗೆ ಕನೆಕ್ಟರಿನ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ, ಏಕೆಂದರೆ ಅಲ್ಲಿ ಸೂರಿದೆ, ಗೋಡೆಯಲ್ಲಿ ಖಾಯಂ ವೈರಿಂಗ್ ಇದೆ, ನೆಲ ಒಣಗಿರುತ್ತದೆ. ಅದೇ ದೀಪಗಳು ದೇವಸ್ಥಾನದ ಅಂಗಳಕ್ಕೋ ಗದ್ದೆಗೋ ಚಿತ್ರರಥ ಹೊತ್ತ ಲಾರಿಯ ಮೇಲಕ್ಕೋ ಹೋದಾಗ ಪರಿಸ್ಥಿತಿ ಪೂರ್ತಿ ಬದಲಾಗುತ್ತದೆ.

ಬದಲಾಗುವುದು ಮಳೆಯೊಂದರಿಂದಲೇ ಎಂದು ತಿಳಿಯುವುದೂ ಪ್ರಚಲಿತ ಅಭಿಪ್ರಾಯದ ಒಂದು ಕೊರತೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದರೂ ಮೇ ಮತ್ತು ಅಕ್ಟೋಬರ್ ತಿಂಗಳ ಗುಡುಗುಮಳೆಗಳು ಯಾವ ಸಂಜೆಯಾದರೂ ಬರಬಲ್ಲವು. ಕರಾವಳಿ ಕರ್ನಾಟಕದ ಯಕ್ಷಗಾನ ಮೇಳಗಳು ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೂ ತಿರುಗಾಟ ನಡೆಸುವುದರಿಂದ ಅವುಗಳ ಬೆಳಕಿನವರಿಗೆ ಇದು ಹೊಸ ಸಂಗತಿಯೇನಲ್ಲ. ಆದರೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮೋಡವಿಲ್ಲದ ಆಕಾಶದಡಿ ಬೀಳುವ ಇಬ್ಬನಿ ಮಳೆಗಿಂತ ಕಡಿಮೆ ಕೆಡುಕಿನದಲ್ಲ, ಏಕೆಂದರೆ ಅದು ಮೇಲಿನಿಂದ ಬೀಳುವ ಹನಿಯಾಗಿ ಬರದೆ ತಣ್ಣಗಾದ ಪ್ರತಿಯೊಂದು ಲೋಹದ ತುಂಡಿನ ಮೇಲೂ, ಪ್ಲಾಸ್ಟಿಕ್ ಚೀಲದ ಒಳಮೈ ಮೇಲೂ ತಾನೇ ಕೂಡುತ್ತದೆ. ಮೂರನೆಯದು ಧೂಳು. ಸಾವರ್ಡೆ, ಕುಡಚಡೆ, ಸಾಂಗೆಗಳ ಸೀಮೆ ಕಬ್ಬಿಣದ ಅದಿರಿನ ಸೀಮೆ. ಗಣಿಯಿಂದ ನದಿ ದಂಡೆಯ ಧಕ್ಕೆಗಳಿಗೆ ಅದಿರು ಸಾಗಿಸಿದ ಲಾರಿಗಳ ಕೆಂಧೂಳನ್ನು ಇಲ್ಲಿಯವರು ದಶಕಗಳ ಕಾಲ ಕಂಡವರು. 2012ರಲ್ಲಿ ಗಣಿಗಾರಿಕೆ ನಿಂತದ್ದು, ಮತ್ತೆ ಆರಂಭವಾಗಿ 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದ 88 ಗುತ್ತಿಗೆಗಳು ರದ್ದಾದದ್ದು ಧೂಳಿನ ಪ್ರಮಾಣವನ್ನು ಏರಿಳಿಸಿವೆಯಾದರೂ, ಜಂಬಿಟ್ಟಿಗೆ ಮಣ್ಣಿನ ಅಂಗಳಗಳಲ್ಲಿ ಜನ ಕುಣಿದಾಗ ಏಳುವ ನಸುಗೆಂಪು ಪುಡಿಗೆ ಗಣಿಯ ಹಂಗು ಬೇಕಿಲ್ಲ. ಒಣಗಿದ್ದಾಗ ಈ ಧೂಳು ಅಷ್ಟಾಗಿ ವಿದ್ಯುತ್ ಹರಿಯಗೊಡದು; ಇಬ್ಬನಿಯ ತೇವ ಹಿಡಿದೊಡನೆ ಅದೇ ಧೂಳು ಫೇಸ್ ಮತ್ತು ಅರ್ಥ್ ಪಿನ್ನುಗಳ ನಡುವೆ ಸಣ್ಣ ಕರೆಂಟು ಸಾಗುವ ಪದರವಾಗಿ ಪರಿಣಮಿಸುತ್ತದೆ.

ಇನ್ನು ಆ ಮುದ್ರೆಯ ವಿಷಯ. ‘ಐಪಿ’ ಎಂಬುದು ವಿದ್ಯುತ್ ಉಪಕರಣದ ಹೊರಕವಚ ಯಾವುದನ್ನು ಎಷ್ಟರಮಟ್ಟಿಗೆ ಒಳಗೆ ಬಿಡುವುದಿಲ್ಲವೆಂದು ಸೂಚಿಸುವ ಸಂಕೇತ. ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕ ಅದನ್ನು ವಿವರಿಸುತ್ತದೆ, ಭಾರತದಲ್ಲಿ ಅದೇ ಐಎಸ್/ಐಇಸಿ 60529 ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ. ಮೊದಲ ಅಂಕಿ ಘನವಸ್ತು ಮತ್ತು ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. 6 ಎಂದರೆ ಧೂಳು ಸ್ವಲ್ಪವೂ ಒಳಹೋಗದು. ನೀರಿನ 5 ಎಂದರೆ 6.3 ಮಿ.ಮೀ. ಬಾಯಿಯ ಕೊಳವೆಯಿಂದ ನಿಮಿಷಕ್ಕೆ 12.5 ಲೀಟರಿನಂತೆ, ಎರಡೂವರೆಯಿಂದ ಮೂರು ಮೀಟರು ದೂರದಿಂದ, ಕನಿಷ್ಠ ಮೂರು ನಿಮಿಷ ಎಲ್ಲ ದಿಕ್ಕಿನಿಂದ ನೀರು ಚಿಮ್ಮಿಸಿದರೂ ಹಾನಿಯಾಗುವಷ್ಟು ನೀರು ಒಳಹೋಗದು. ಇಷ್ಟನ್ನು ಬಲ್ಲವರು ಅನೇಕರಿದ್ದಾರೆ. ಅದೇ ಮಾನಕ ಆ ಪರೀಕ್ಷೆಯನ್ನು ಯಾವ ಕಟ್ಟಳೆಗಳಡಿ ನಡೆಸಬೇಕೆನ್ನುತ್ತದೆ ಎಂಬುದನ್ನು ಓದಿದವರು ಕಡಿಮೆ. ಪರೀಕ್ಷೆಗೆ ಒಡ್ಡುವ ವಸ್ತು ಹೊಸದೂ ಶುಚಿಯಾದುದೂ ಆಗಿರಬೇಕು. ನೀರು ಸಿಹಿನೀರು. ನೀರಿನ ಉಷ್ಣತೆಗೂ ವಸ್ತುವಿನ ಉಷ್ಣತೆಗೂ 5 ಡಿಗ್ರಿಗಿಂತ ಹೆಚ್ಚು ಅಂತರ ಇರದಂತೆ ನೋಡಿಕೊಳ್ಳಬೇಕು. ಧೂಳಿನ ಪರೀಕ್ಷೆಗೆ ಬಳಸುವುದು ಟಾಲ್ಕಂ ಪುಡಿ. ಬಿಸಿಲಿಗೆ ರಬ್ಬರು ಗಡುಸಾಗುವುದು, ಕಡಲ ಗಾಳಿಯ ಉಪ್ಪಿಗೆ ಪಿನ್ನು ಕಿಲುಬು ಹಿಡಿಯುವುದು, ನೂರು ಸಲ ಕೂಡಿಸಿ ಬಿಡಿಸಿದ ಮೇಲೆ ವಾಷರು ಸವೆಯುವುದು, ಇವು ಯಾವುವೂ ಆ ಎರಡು ಅಂಕಿಗಳೊಳಗೆ ಸೇರುವುದಿಲ್ಲ. ಉಪ್ಪಿನ ಮಂಜಿಗೆ, ಬಿಸಿಲಿಗೆ ಬೇರೆಯೇ ಪರೀಕ್ಷೆಗಳಿವೆ, ಬಾಡಿಗೆ ಮಾರುಕಟ್ಟೆಯ ಅಗ್ಗದ ದೀಪಗಳ ಮೇಲೆ ಅವುಗಳ ಉಲ್ಲೇಖ ಕಾಣುವುದು ಅಪರೂಪ.

ಎಲ್ಲಕ್ಕಿಂತ ಮುಖ್ಯವಾಗಿ, ಮುದ್ರೆ ಇರುವುದು ಕವಚಕ್ಕೆ. ದೀಪಕ್ಕೆ ವಿದ್ಯುತ್ ಒಳಬರುವ ಮತ್ತು ಮುಂದಿನ ದೀಪಕ್ಕೆ ಹೊರಹೋಗುವ ಕನೆಕ್ಟರುಗಳಿಗೆ ತಮ್ಮದೇ ಅಂಕಿ ಇರುತ್ತದೆ, ಮತ್ತು ಹೆಚ್ಚಿನ ತಯಾರಕರು ಆ ಅಂಕಿಯನ್ನು ಒಂದು ಷರತ್ತಿನೊಡನೆಯೇ ಕೊಡುತ್ತಾರೆ: ಗಂಡು ಹೆಣ್ಣು ಎರಡೂ ಪೂರ್ತಿ ಕೂಡಿಕೊಂಡು ಲಾಕ್ ಆಗಿರಬೇಕು, ಇಲ್ಲವೇ ಖಾಲಿ ಬಾಯಿಗೆ ಅದರದೇ ಮುಚ್ಚಳ ಬಿದ್ದಿರಬೇಕು. ಹೆಂಚಿನ ಮನೆ ಹೆಂಚಿನ ನಡುಭಾಗದಲ್ಲಿ ಸೋರದೆ ಹೆಂಚು ಹೆಂಚು ಕೂಡುವಲ್ಲಿ ಸೋರುವಂತೆ, ಬಯಲಿನ ದೀಪಜಾಲಕ್ಕೂ ನೀರು ಬರುವುದು ಕೂಡುವ ಜಾಗದಿಂದಲೇ. ಇಂದು ಬಾಡಿಗೆ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುವ ಬಯಲು ಬಳಕೆಯ ಎಲ್‌ಇಡಿ ಪಾರ್ ದೀಪವೊಂದನ್ನು ತಿರುಗಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹಿಂಬದಿಯಿಂದ ಗೇಣುದ್ದದ ಎರಡು ಕೇಬಲ್ ತುಂಡುಗಳು ಹೊರಬಂದಿರುತ್ತವೆ. ಒಂದರ ತುದಿಯಲ್ಲಿ ಗಂಡು, ಇನ್ನೊಂದರಲ್ಲಿ ಹೆಣ್ಣು, ಎರಡನ್ನೂ ಬಿಗಿಯಲು ತಿರುಪಿನ ಪ್ಲಾಸ್ಟಿಕ್ ನಟ್ಟು, ನಟ್ಟಿನೊಳಗೆ ಬಳೆಯಂಥ ತೆಳುವಾದ ರಬ್ಬರ್ ವಾಷರು. ನಟ್ಟಿನ ಮರೆ ಒಮ್ಮೆ ಅಡ್ಡಾದಿಡ್ಡಿ ಕೂತರೆ ಮುಂದೆಂದೂ ನೇರ ಕೂರದು. ವಾಷರು ಒಮ್ಮೆ ಮಣ್ಣಿಗೆ ಬಿದ್ದರೆ ಕತ್ತಲಲ್ಲಿ ಹುಡುಕುವವರಿಲ್ಲ. ಸಾಲಿನ ಕೊನೆಯ ದೀಪದ ಹೆಣ್ಣು ತುದಿಗೆ ಮುಂದೆ ಕೂಡಲು ಯಾವುದೂ ಇರುವುದಿಲ್ಲವಾದ್ದರಿಂದ, ಅದರ ಮುಚ್ಚಳ ಕಳೆದಿದ್ದರೆ 230 ವೋಲ್ಟಿನ ಜೀವಂತ ತುದಿ ಬಟ್ಟಲಿನಂತೆ ಬಾಯಿ ತೆರೆದು, ದೀಪಗಳನ್ನು ತೂಗುಹಾಕುವ ಲೋಹದ ಚೌಕಟ್ಟಾದ ಟ್ರಸ್ಸಿನ ಮೇಲೆ ಬಿದ್ದುಕೊಂಡಿರುತ್ತದೆ. ದೀಪದ ಪೆಟ್ಟಿಗೆಯ ಮೇಲೆ ಐಪಿ65 ಎಂದೇ ಇರುತ್ತದೆ. ಆ ಕ್ಷಣದಲ್ಲಿ ಆ ಸಾಲಿನ ನಿಜವಾದ ಅಂಕಿ ಕೊನೆಯ ಬಾಯಿಯದು, ಅಂದರೆ ಸೊನ್ನೆ.

ಉಷ್ಣತೆಯ ಷರತ್ತನ್ನು ಇಲ್ಲಿ ಮತ್ತೆ ನೆನೆಯಬೇಕು. ಎರಡು ಗಂಟೆ ಉರಿದ ದೀಪದ ಲೋಹದ ಮೈ ಸುತ್ತಲಿನ ಗಾಳಿಗಿಂತ ಬಹಳ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಠಾತ್ತನೆ ಮಳೆ ಬಂದಾಗ, ಅಥವಾ ಆಟ ಮುಗಿದು ದೀಪ ಆರಿಸಿದಾಗ, ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ, ಮತ್ತು ಹೊರಗೆ ವಾಷರಿನ ಸುತ್ತ ನೀರು ನಿಂತಿದ್ದರೆ ಗಾಳಿಯ ಬದಲು ನೀರನ್ನೇ ಹೀರುತ್ತದೆ. ಒಳ್ಳೆಯ ದೀಪಗಳಲ್ಲಿ ಇದಕ್ಕೆಂದೇ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಸಣ್ಣ ಪೊರೆಯ ಕಿಂಡಿಯೊಂದನ್ನು ಇಟ್ಟಿರುತ್ತಾರೆ. ಅದಿಲ್ಲದ ದೀಪ ತನ್ನ ದುರ್ಬಲ ಜೋಡಣೆಯ ಕಡೆಯಿಂದ ಉಸಿರಾಡುತ್ತದೆ. ಹಾಗೆ ಒಳಸೇರಿದ ನೀರು ಕನೆಕ್ಟರಿನಲ್ಲಿ ನಿಲ್ಲದೆ ಕೇಬಲ್ಲಿನೊಳಗಿನ ತಾಮ್ರದ ಎಳೆಗಳ ಸಂದಿಯಲ್ಲಿ ಹರಿದು ಮುಂದಿನ ದೀಪದವರೆಗೂ ಹೋಗಬಲ್ಲದು. ಕೆಟ್ಟ ದೀಪವನ್ನು ಬಿಚ್ಚಿ ನೋಡಿ ಮುಂಗಾಜಿನ ಸೀಲು ಸರಿಯಿಲ್ಲವೆಂದು ತಯಾರಕನನ್ನು ದೂರುವವರಿಗೆ, ನೀರು ಮೀಟರುಗಟ್ಟಲೆ ದೂರದ ಜೋಡಣೆಯೊಂದರಿಂದ ಬಂದಿರಬಹುದೆಂಬುದು ಹೊಳೆಯುವುದೇ ಇಲ್ಲ.

ಕರೆಂಟು ಕಡಿಮೆ ಎಂಬ ಉಪವಾದಕ್ಕೆ ಮೇಲ್ನೋಟಕ್ಕೆ ಬಲವಿದೆ. 1000 ವಾಟಿನ ಹಳೆಯ ಪಾರ್ 64 ದೀಪವೊಂದೇ 4.3 ಆಂಪಿಯರ್ ಎಳೆಯುತ್ತಿತ್ತು. ಅದೇ ಕೆಲಸಕ್ಕೆ ಸಾಕಾಗುವ 200 ವಾಟಿನ ಎಲ್‌ಇಡಿ ಒಂದು ಆಂಪಿಯರಿಗೂ ಕಡಿಮೆ ಎಳೆಯುತ್ತದೆ. ಆದರೆ ಹಳೆಯ ದೀಪಕ್ಕೆ ಡಿಮ್ಮರಿನಿಂದ ತನ್ನದೇ ಪ್ರತ್ಯೇಕ ತಂತಿ ಬರುತ್ತಿತ್ತು. ಎಲ್‌ಇಡಿ ದೀಪಗಳನ್ನು ಒಂದರಿಂದ ಇನ್ನೊಂದಕ್ಕೆ ಸರಪಣಿಯಂತೆ ಕೂಡಿಸುವುದೇ ವಾಡಿಕೆ. ಹನ್ನೆರಡು ದೀಪಗಳ ಸಾಲಾದರೆ ಒಟ್ಟು 2400 ವಾಟು, ಅಂದರೆ ಹತ್ತು ಆಂಪಿಯರಿಗೆ ಮೇಲ್ಪಟ್ಟ ಕರೆಂಟು, ಅಷ್ಟೂ ಮೊದಲ ಕನೆಕ್ಟರಿನ ಒಂದು ಜೊತೆ ಪಿನ್ನಿನಲ್ಲಿ ಹಾಯಬೇಕು. ಹೊಸ ಪಿನ್ನಿನ ಸಂಪರ್ಕದಲ್ಲಿ ಪ್ರತಿರೋಧ ಕೆಲವೇ ಮಿಲಿಓಮ್. ಐದು ಮಿಲಿಓಮ್ ಎಂದುಕೊಂಡರೆ ಹತ್ತು ಆಂಪಿಯರಿಗೆ ಅಲ್ಲಿ ಹುಟ್ಟುವ ಶಾಖ ಅರ್ಧ ವಾಟು. ಕಿಲುಬು ಹಿಡಿದು ಪ್ರತಿರೋಧ ಓಮಿನ ಹತ್ತನೇ ಒಂದು ಭಾಗಕ್ಕೆ ಏರಿದರೆ ಶಾಖ ಹತ್ತು ವಾಟಾಗುತ್ತದೆ, ಮತ್ತು ಮುಷ್ಟಿಯೊಳಗೆ ಹಿಡಿಯುವಷ್ಟು ಚಿಕ್ಕ ಮುಚ್ಚಿದ ಪ್ಲಾಸ್ಟಿಕ್ ಕವಚದೊಳಗೆ ಅದು ರಾತ್ರಿಯಿಡೀ ಹುಟ್ಟುತ್ತಲೇ ಇರುತ್ತದೆ. ಟೇಪ್ ಸುತ್ತಿದ್ದರೆ ಆ ಶಾಖ ಹೊರಹೋಗುವ ದಾರಿ ಇನ್ನಷ್ಟು ಕಿರಿದಾಗುತ್ತದೆ. ಸ್ವಿಚ್ ಹಾಕಿದ ಕ್ಷಣದಲ್ಲಿ ದೀಪಗಳೊಳಗಿನ ಕೆಪಾಸಿಟರುಗಳು ತುಂಬಿಕೊಳ್ಳಲು ಒಮ್ಮೆಲೇ ಎಳೆಯುವ ಹತ್ತಾರು ಆಂಪಿಯರುಗಳ ಹೊಡೆತವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಕರೆಂಟು ಇರುವಾಗಲೇ ಪ್ಲಗ್ಗು ಚುಚ್ಚುವ, ಕೀಳುವ ಅಭ್ಯಾಸವಿರುವಲ್ಲಿ ಪಿನ್ನಿನ ತುದಿ ಸುಟ್ಟು ಕುಳಿಬೀಳಲು ಈ ಹೊಡೆತವೂ ಒಂದು ಕಾರಣ.

ಇಷ್ಟಾದರೂ ಇವು ಕಣ್ಣಿಗೆ ಕಾಣುವ ಕೆಡುಕುಗಳು. ಫೇಸ್ ಅಥವಾ ನ್ಯೂಟ್ರಲ್ ಪಿನ್ನು ಹಾಳಾದರೆ ದೀಪ ಆರುತ್ತದೆ, ಮಿಣುಕುತ್ತದೆ, ಸುಟ್ಟ ವಾಸನೆ ಬರುತ್ತದೆ, ಯಾರಾದರೂ ಓಡಿ ಬಂದು ಸರಿಪಡಿಸುತ್ತಾರೆ. ಅರ್ಥ್ ಪಿನ್ನು ಹಾಳಾದರೆ ಏನೂ ಆಗುವುದಿಲ್ಲ. ದೀಪ ಮೊದಲಿನಂತೆಯೇ ಉರಿಯುತ್ತದೆ, ಬಣ್ಣ ಬದಲಿಸುತ್ತದೆ, ಪ್ರೇಕ್ಷಕರಿಗೂ ಬೆಳಕಿನವರಿಗೂ ಒಂದಿಷ್ಟೂ ವ್ಯತ್ಯಾಸ ತಿಳಿಯದು. ಸರಪಣಿಯ ನಡುವಿನ ಒಂದೇ ಒಂದು ಕನೆಕ್ಟರಿನಲ್ಲಿ ಅರ್ಥ್ ಸಂಪರ್ಕ ತಪ್ಪಿದರೆ ಅದರ ಮುಂದಿನ ಅಷ್ಟೂ ದೀಪಗಳ ಲೋಹದ ಮೈ, ಟ್ರಸ್ಸಿಗೆ ಬೇರೆ ಅರ್ಥಿಂಗ್ ಇಲ್ಲದಿದ್ದರೆ ಟ್ರಸ್ಸು ಕೂಡ, ಭೂಮಿಗೆ ಕೂಡಿಕೊಳ್ಳದೆ ಉಳಿಯುತ್ತವೆ. ಆ ಮೇಲೆ ಯಾವುದೋ ಒಂದು ದೀಪದೊಳಗೆ ನೀರಿಳಿದು ಫೇಸ್ ಮೈಗೆ ತಗುಲಿದರೆ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಟ್ರಸ್ಸಿಗೆ ಕೈಯಿಟ್ಟವರ ಮೈಯೇ ಅರ್ಥ್ ತಂತಿಯಾಗುತ್ತದೆ. ಒದ್ದೆ ಮೈಯ ಪ್ರತಿರೋಧ ಸಾವಿರ ಓಮಿನ ಆಸುಪಾಸಿಗೆ ಇಳಿಯಬಹುದು. 230 ವೋಲ್ಟಿಗೆ ಅದು 230 ಮಿಲಿಆಂಪಿಯರ್. ಹತ್ತು ಮಿಲಿಆಂಪಿಯರಿನ ಸುಮಾರಿಗೇ ಹಿಡಿದ ಕೈ ಬಿಡಿಸಿಕೊಳ್ಳಲಾಗದು, ಕೆಲವು ಹತ್ತು ಮಿಲಿಆಂಪಿಯರುಗಳು ಗುಂಡಿಗೆಯ ಲಯ ತಪ್ಪಿಸಲು ಸಾಕು. ಕಡಿಮೆ ಕರೆಂಟಿನ ದೀಪ ಕಡಿಮೆ ಅಪಾಯದ್ದೆಂಬ ವಾದ ಇಲ್ಲಿ ನಿಲ್ಲಲಾರದು: ಕೊಲ್ಲಲು ಬೇಕಾದ ಕರೆಂಟು ಸಣ್ಣ ಎಲ್‌ಇಡಿ ರಂಗದೀಪವೊಂದು ಉರಿಯಲು ಬೇಕಾದುದಕ್ಕಿಂತಲೂ ಕಡಿಮೆ. ಆದುದರಿಂದ ಕನೆಕ್ಟರಿನ ಆಯ್ಕೆಯಲ್ಲಿ ಮೊದಲು ಕೇಳಬೇಕಾದದ್ದು ಅದರ ಅರ್ಥ್ ಪಿನ್ನು ಎಲ್ಲಕ್ಕಿಂತ ಮೊದಲು ಕೂಡಿ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆಯೇ, ನೂರಾರು ಸಲದ ಬಳಕೆಯ ನಂತರವೂ ಆ ಸಂಪರ್ಕ ಶುಚಿಯಾಗಿ ಉಳಿಯುತ್ತದೆಯೇ ಎಂಬುದು. ದರಪಟ್ಟಿಗಳಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲದಿರುವುದು ಖೇದಕರ.

ಆರ್‌ಸಿಸಿಬಿ ಇದೆಯಲ್ಲ, ಸೋರಿಕೆಯಾದರೆ ಅದು ಟ್ರಿಪ್ ಆಗಿ ಕಾಪಾಡುತ್ತದೆ, ಎಂಬ ಉತ್ತರ ಇಲ್ಲಿ ಬರುತ್ತದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ಮರಳದಿದ್ದರೆ ಸಂಪರ್ಕ ಕಡಿಯುವ ಈ ಸಾಧನ ಪ್ರಾಣರಕ್ಷಕವೆಂಬುದರಲ್ಲಿ ಸಂದೇಹವಿಲ್ಲ, ಅದಿಲ್ಲದೆ ಬಯಲಿನಲ್ಲಿ ದೀಪ ಹಾಕುವುದು ಅಪರಾಧಕ್ಕೆ ಸಮ. ಆದರೆ ಕೆಟ್ಟ ಕನೆಕ್ಟರುಗಳು ಇದೇ ಸಾಧನವನ್ನು ಕೆಲಸದಿಂದ ತೆಗೆಸುತ್ತವೆ. ಪ್ರತಿ ಎಲ್‌ಇಡಿ ದೀಪದ ಪವರ್ ಸಪ್ಲೈ ತಾನಾಗಿಯೇ ಅರ್ಧದಿಂದ ಒಂದು ಮಿಲಿಆಂಪಿಯರಿನಷ್ಟನ್ನು ಅರ್ಥ್ ತಂತಿಗೆ ಬಿಡುವುದು ಸಾಮಾನ್ಯ. 30 ಮಿಲಿಆಂಪಿಯರಿನ ಆರ್‌ಸಿಸಿಬಿ 15ರಿಂದ 30ರೊಳಗೆ ಎಲ್ಲಿಯಾದರೂ ಟ್ರಿಪ್ ಆಗಬಹುದು. ಇಪ್ಪತ್ತು ದೀಪಗಳನ್ನು ಒಂದೇ ಆರ್‌ಸಿಸಿಬಿಯ ಕೆಳಗೆ ಹಾಕಿ, ಇಬ್ಬನಿ ಹಿಡಿದ ನಾಲ್ಕು ಜೋಡಣೆಗಳ ಸೋರಿಕೆಯನ್ನೂ ಅದಕ್ಕೆ ಕೂಡಿಸಿದರೆ, ನಾಟಕದ ನಡುವೆ ರಂಗ ಕತ್ತಲಾಗುವುದು ಬಹುಮಟ್ಟಿಗೆ ಖಚಿತ. ಎರಡು ಬಾರಿ ಹಾಗಾದ ಮೇಲೆ ಮೂರನೆಯ ಬಾರಿಗೆ ಯಾರೋ ಒಬ್ಬರು ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ತಂತಿ ಎಳೆಯುತ್ತಾರೆ, ಆಟ ಮುಂದುವರಿಯುತ್ತದೆ, ಉಳಿದ ರಾತ್ರಿಯೆಲ್ಲ ಆ ರಂಗದ ಮೇಲಿನವರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಶಿಗ್ಮೊ ಮೆರವಣಿಗೆಯ ಚಿತ್ರರಥಗಳಂತೆ ಜನರೇಟರಿನಿಂದ ವಿದ್ಯುತ್ ಪಡೆಯುವಲ್ಲಿ ಇನ್ನೊಂದು ತೊಡಕಿದೆ: ಸಣ್ಣ ಜನರೇಟರಿನ ನ್ಯೂಟ್ರಲ್ಲನ್ನು ಅರ್ಥಿಗೆ ಕೂಡಿಸದಿದ್ದರೆ ಸೋರಿದ ಕರೆಂಟಿಗೆ ಮರಳುವ ದಾರಿಯೇ ಇರದೆ ಆರ್‌ಸಿಸಿಬಿ ಮೊದಲ ದೋಷವನ್ನು ಗುರುತಿಸಲಾರದು.

ಟೇಪು ಮತ್ತು ಚೀಲದ ಉಪಾಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿಸಿಗೆ ಟೇಪಿನ ಅಂಟು ಮೆತ್ತಗಾಗಿ ಜಾರುತ್ತದೆ, ಕೇಬಲ್ಲಿನ ಮೇಲೆ ಹರಿದು ಬಂದ ನೀರು ಟೇಪಿನಡಿ ನುಸುಳುತ್ತದೆ, ಒಳಹೋದದ್ದು ಆರಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಚೀಲದೊಳಗೆ ಇಬ್ಬನಿ ಕಟ್ಟಿ ಬೆಳಗಿನ ಜಾವಕ್ಕೆ ಕನೆಕ್ಟರು ನೀರಿನಲ್ಲಿ ಮಲಗಿರುತ್ತದೆ. ಬಿಚ್ಚಿದಾಗ ಉಳಿಯುವ ಅಂಟಿಗೆ ಧೂಳು ಹಿಡಿದು ಮುಂದಿನ ಸಲ ವಾಷರು ಸರಿಯಾಗಿ ಕೂರದಂತಾಗುವುದು ಇದರ ಮೇಲಿನ ದಂಡ.

ಇದಕ್ಕೆ ವಿರುದ್ಧವಾದ ಅತಿಯೊಂದಿದೆ, ಅದನ್ನೂ ಒಪ್ಪುವಂತಿಲ್ಲ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆಂದು ನಂಬಿ ಎಲ್ಲೆಡೆ ಐಪಿ67, ಐಪಿ68 ಕೇಳುವವರು ಈಚೆಗೆ ಹೆಚ್ಚುತ್ತಿದ್ದಾರೆ. 7 ಎಂದರೆ ಒಂದು ಮೀಟರು ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತಡೆಯುತ್ತದೆಂದಷ್ಟೇ ಅರ್ಥ. ಮಾನಕದ ಪ್ರಕಾರ 7 ಅಥವಾ 8 ಮಾತ್ರ ಬರೆದ ಕವಚ ಚಿಮ್ಮುವ ನೀರಿಗೆ, ಅಂದರೆ 5 ಮತ್ತು 6ರ ಪರೀಕ್ಷೆಗೆ, ತಕ್ಕದ್ದೆಂದು ಭಾವಿಸುವಂತಿಲ್ಲ. ಎರಡಕ್ಕೂ ತಕ್ಕದ್ದಾಗಿದ್ದರೆ ಎರಡೂ ಅಂಕಿಗಳನ್ನು ಜೊತೆಗೆ ಬರೆಯಬೇಕು. ನಿಂತ ನೀರಿನ ಒತ್ತಡ ವಾಷರನ್ನು ಸುತ್ತಲಿಂದ ಸಮನಾಗಿ ಅದುಮಿ ಬಿಗಿಗೊಳಿಸಬಹುದು. ಗಾಳಿಮಳೆಯ ಓರೆಯ ಹೊಡೆತ ಅದನ್ನು ಒಂದು ಬದಿಯಿಂದ ಎಬ್ಬಿಸಬಹುದು. ಟ್ರಸ್ಸಿನ ಮೇಲೆ ತೂಗುವ ದೀಪಕ್ಕೆ ಎದುರಾಗುವುದು ಎರಡನೆಯದು, ಅಂಗಳದ ತಗ್ಗಿನಲ್ಲಿ ಬಿದ್ದಿರುವ ಕೇಬಲ್ ಜೋಡಣೆಗೆ ಮೊದಲನೆಯದು. ಜಾಗ ನೋಡದೆ ಅಂಕಿ ನೋಡುವುದೂ, ಅಂಕಿಯನ್ನೇ ನೋಡದಿರುವುದೂ ಒಂದೇ ತಪ್ಪಿನ ಎರಡು ರೂಪಗಳು.

ಹಾಗಾದರೆ ಯಾವುದನ್ನು ಆರಿಸಬೇಕು? ದೀಪದಿಂದ ದೀಪಕ್ಕೆ ಹೋಗುವ ಮಟ್ಟದಲ್ಲಿ, ಕೂಡಿದಾಗ ಐಪಿ65 ಇರುವ, ತಿರುಗಿಸಿ ಲಾಕ್ ಮಾಡುವ, ಲೋಡ್ ಇರುವಾಗಲೂ ಬಿಡಿಸಲು ಅನುಮತಿಯಿರುವ 16 ಆಂಪಿಯರಿನ ಕನೆಕ್ಟರು ಬೇಕು. ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಲಿಕ್ಟೆನ್‌ಸ್ಟೈನಿನ ನ್ಯೂಟ್ರಿಕ್ ಕಂಪನಿಯ ಪವರ್‌ಕಾನ್ ರಂಗದೀಪಗಳ ಜಗತ್ತಿನಲ್ಲಿ ಬಹಳ ಬಳಕೆಯಲ್ಲಿದೆ. ಒಳಬರುವುದಕ್ಕೆ ನೀಲಿ, ಹೊರಹೋಗುವುದಕ್ಕೆ ಬೂದು ಬಣ್ಣದ, 20 ಆಂಪಿಯರಿನ ಆ ಮೂಲ ಮಾದರಿ ಬಯಲಿನ ಮಳೆಗೆಂದು ಮಾಡಿದ್ದಲ್ಲ, ಮತ್ತು ಲೋಡ್ ಇರುವಾಗ ಅದನ್ನು ಕೂಡಿಸುವುದನ್ನೂ ಬಿಡಿಸುವುದನ್ನೂ ತಯಾರಕರೇ ನಿಷೇಧಿಸಿದ್ದಾರೆ. ಅದೇ ಕಂಪನಿಯ ಪವರ್‌ಕಾನ್ ಟ್ರೂ1 ಬೇರೆಯೇ ಸಾಧನ: 16 ಆಂಪಿಯರ್, ಕೂಡಿದಾಗ ಐಪಿ65, ಲೋಡಿನಲ್ಲಿ ಬಿಡಿಸಲು ಯೋಗ್ಯ. ಎರಡೂ ಒಂದಕ್ಕೊಂದು ಕೂಡುವುದಿಲ್ಲ, ಆದರೆ ಹೆಸರಿನ ಅರ್ಧಭಾಗ ಒಂದೇ ಆದುದರಿಂದ ದರಪಟ್ಟಿಯಲ್ಲಿ ‘ಪವರ್‌ಕಾನ್’ ಎಂದಷ್ಟೇ ಬರೆದು ಮೊದಲನೆಯದನ್ನು ಬಯಲಿಗೆ ಕಳಿಸುವುದು ನಡೆಯುತ್ತದೆ. ಇವುಗಳ ಆಕಾರವನ್ನು ಅನುಕರಿಸಿದ ಅಗ್ಗದ ಕನೆಕ್ಟರುಗಳ ವಿಚಾರದಲ್ಲಿ ಹೇಳಬೇಕಾದದ್ದು ಇಷ್ಟು: ಗಂಡು ಒಬ್ಬ ತಯಾರಕನದು, ಹೆಣ್ಣು ಇನ್ನೊಬ್ಬನದು ಆದಾಗ ಇಬ್ಬರೂ ಬರೆದ ಅಂಕಿಗಳು ಅರ್ಥ ಕಳೆದುಕೊಳ್ಳುತ್ತವೆ, ಏಕೆಂದರೆ ಆ ಜೋಡಿಯನ್ನು ಯಾರೂ ಪರೀಕ್ಷಿಸಿಲ್ಲ.

ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ರಂಗದವರೆಗಿನ ಉದ್ದನೆಯ ಕೇಬಲ್ಲಿಗೆ ಕೈಗಾರಿಕೆಗಳಲ್ಲಿ ಬಳಸುವ ಐಇಸಿ 60309 ಮಾದರಿಯ ಪ್ಲಗ್ಗುಗಳು ಇವಕ್ಕಿಂತ ಗಟ್ಟಿ. 230 ವೋಲ್ಟಿಗೆ ನೀಲಿ, 400 ವೋಲ್ಟಿನ ತ್ರೀ ಫೇಸಿಗೆ ಕೆಂಪು ಎಂಬ ಬಣ್ಣದ ಕಟ್ಟಳೆ, 16, 32, 63, 125 ಆಂಪಿಯರಿನ ಬೇರೆ ಬೇರೆ ಗಾತ್ರ, ಒಂದು ಇನ್ನೊಂದಕ್ಕೆ ತಪ್ಪಿ ಕೂಡದಂಥ ರಚನೆ ಇವುಗಳದು. ಸೂರಿನಡಿಗೆ ಐಪಿ44ರದು ಸಾಕು; ಅಂಗಳದ ನೆಲದ ಮೇಲೆ ಬೀಳುವುದಾದರೆ ತಿರುಗಿಸಿ ಬಿಗಿಯುವ ಉಂಗುರವಿರುವ ಐಪಿ67ರದೇ ಆಗಬೇಕು. ಯಾವುದೇ ಕನೆಕ್ಟರಾದರೂ ಅದರ ಹಿಂಬದಿಯ ಗ್ಲ್ಯಾಂಡು, ಅಂದರೆ ಕೇಬಲ್ಲನ್ನು ಸುತ್ತಿ ಹಿಡಿಯುವ ರಬ್ಬರಿನ ಭಾಗ, ಇಂತಿಷ್ಟು ವ್ಯಾಸದ ದುಂಡನೆಯ ಕೇಬಲ್ಲಿಗೆಂದೇ ಮಾಡಿರುತ್ತದೆ. ಅಲ್ಲಿ ಹೆಣೆದ ಎರಡೆಳೆಯ ವೈರನ್ನೋ ಚಪ್ಪಟೆ ಕೇಬಲ್ಲನ್ನೋ ತುರುಕಿದರೆ ಮುಂಭಾಗದ ವಾಷರು ಎಷ್ಟೇ ಒಳ್ಳೆಯದಾದರೂ ನೀರು ಹಿಂಬಾಗಿಲಿನಿಂದ ಬರುತ್ತದೆ. ಬಿಸಿಲಿಗೂ ತುಳಿತಕ್ಕೂ ತಡೆಯುವ ಮೂರೆಳೆಯ ರಬ್ಬರ್ ಕೇಬಲ್ಲು ಬೇಕು. ಜೋಡಣೆಗೆ ಮೊದಲು ಕೇಬಲ್ಲನ್ನು ಕೆಳಗೆ ಬಾಗಿಸಿ ಇಳಿಬಿಟ್ಟರೆ ನೀರು ಕನೆಕ್ಟರಿಗೆ ತಲುಪದೆ ಆ ಬಾಗಿನಿಂದ ತೊಟ್ಟಿಕ್ಕುತ್ತದೆ, ಇದು ಯಾವ ಹೆಚ್ಚಿನ ಖರ್ಚಿಲ್ಲದೆ ಆಗುವ ಕೆಲಸ.

ಖರ್ಚಿನ ಆಕ್ಷೇಪ ಪ್ರಾಮಾಣಿಕವಾದದ್ದು. ಒಳ್ಳೆಯ ಕನೆಕ್ಟರಿನ ಬೆಲೆ ಸಾಧಾರಣ 16 ಆಂಪಿಯರ್ ಪ್ಲಗ್‌ಟಾಪಿನ ಹಲವು ಪಟ್ಟು. ಐವತ್ತು ದೀಪವಿರುವ ಸಣ್ಣ ಬಾಡಿಗೆದಾರನಿಗೆ ನೂರು ಜೊತೆ ಬೇಕಾದಾಗ ಅದು ಹಗುರವಾದ ಹೊರೆಯಲ್ಲ. ಆದರೆ ಅದೇ ಬಾಡಿಗೆದಾರ ಪ್ರತಿ ಋತುವಿನ ಕೊನೆಗೆ ನೀರು ಕುಡಿದ ಪವರ್ ಸಪ್ಲೈಗಳನ್ನು ಬದಲಿಸಲು ತೆರುವ ಹಣವನ್ನು ಕನೆಕ್ಟರಿನ ಲೆಕ್ಕಕ್ಕೆ ಬರೆಯುವುದಿಲ್ಲ, ದೀಪದ ಲೆಕ್ಕಕ್ಕೆ ಬರೆಯುತ್ತಾನೆ, ಆದ್ದರಿಂದಲೇ ಅಗ್ಗದ ಕನೆಕ್ಟರು ಅವನಿಗೆ ಅಗ್ಗವೆಂದೇ ತೋರುತ್ತದೆ. ಹೊಂದಾಣಿಕೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು: ದೇವಸ್ಥಾನದ ಗೋಡೆಯಲ್ಲಿರುವುದು ಐಎಸ್ 1293ರ ಮೂರು ದುಂಡು ಪಿನ್ನಿನ ಸಾಕೆಟ್ಟು, ಮಡಗಾಂವಿನಿಂದಲೋ ಬೆಳಗಾವಿಯಿಂದಲೋ ತರಿಸಿದ ಹೆಚ್ಚುವರಿ ದೀಪಗಳಿಗೂ ಅದೇ ಪ್ಲಗ್ಗು, ಎಲ್ಲರಿಗೂ ಕೂಡುವುದು ಅದೊಂದೇ. ಇದಕ್ಕೆ ಉತ್ತರ, ಆ ಪ್ಲಗ್ಗು ಒಂದೇ ಒಂದು ಕಡೆ, ಸೂರಿನ ಕೆಳಗೆ, ನೆಲದಿಂದ ಎತ್ತರದಲ್ಲಿ, ಬೋರ್ಡಿನ ಹತ್ತಿರ ಮಾತ್ರ ಇರಬೇಕು. ಅಲ್ಲಿಂದ ಮುಂದೆ ಬಯಲಿಗೆ ಕಾಲಿಡುವ ಪ್ರತಿ ಜೋಡಣೆಯೂ ಆಯಾ ಮಟ್ಟದಲ್ಲಿ ಒಂದೇ ಮಾದರಿಯ, ಮಳೆಗೆ ತಕ್ಕ ಕನೆಕ್ಟರಾಗಿರಬೇಕು, ಮತ್ತು ಹೊರಗಿನಿಂದ ಬಂದ ದೀಪಗಳಿಗೆ ಬಾಲದ ಕೇಬಲ್ಲನ್ನು ಬದಲಿಸಿಯೇ ಸಾಲಿಗೆ ಸೇರಿಸಬೇಕು. ಜಾತ್ರೆಯ ಋತುವಿನಲ್ಲಿ ಮಳೆಯೆಲ್ಲಿ ಎನ್ನುವವರಿಗೆ ಗಣೇಶೋತ್ಸವದ, ನರಕಾಸುರ ರಾತ್ರಿಯ ತಿಂಗಳುಗಳನ್ನೂ ಇಬ್ಬನಿಯ ವಿಷಯವನ್ನೂ ಈಗಾಗಲೇ ಹೇಳಿಯಾಗಿದೆ.

ಇದು ಬದಲಾಗಬೇಕಾದರೆ ಹಣ ಕೊಡುವವರ ಕರಾರುಪತ್ರ ಬದಲಾಗಬೇಕು. ಇಷ್ಟು ವಾಟಿನ ಇಷ್ಟು ದೀಪ ಎಂದು ಬರೆಯುವ ಸಮಿತಿ, ಬೋರ್ಡಿನಿಂದ ಆಚೆಗಿನ ಎಲ್ಲ ಜೋಡಣೆಗಳೂ ಕೂಡಿದಾಗ ಐಪಿ65ಕ್ಕೆ ಕಡಿಮೆಯಿಲ್ಲದವು, ಖಾಲಿ ಬಾಯಿಗಳಿಗೆಲ್ಲ ಮುಚ್ಚಳ, ಎಂಟು ಹತ್ತು ದೀಪಗಳಿಗೊಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ, ಎಂಬ ಮೂರು ಸಾಲುಗಳನ್ನು ಅದರ ಕೆಳಗೆ ಸೇರಿಸಲು ತಾಂತ್ರಿಕ ಪದವಿ ಬೇಕಿಲ್ಲ. ಭಾರತೀಯ ಮಾನಕ ಬ್ಯೂರೊ ಪ್ರಕಟಿಸಿದ ರಾಷ್ಟ್ರೀಯ ವಿದ್ಯುತ್ ಸಂಹಿತೆಯಲ್ಲಿ ಬಯಲಿನ ತಾತ್ಕಾಲಿಕ ವಿದ್ಯುತ್ ವ್ಯವಸ್ಥೆಗೇ ಮೀಸಲಾದ ಭಾಗವೊಂದಿದೆ. ಸಮಿತಿಯ ಮಾತಿಗೆ ಅದರ ಬೆಂಬಲವಿರುತ್ತದೆ. ನಾಲ್ಕನೆಯ ಸಾಲೊಂದನ್ನು ಸೇರಿಸುವುದಾದರೆ ಅದು ಅಳತೆಯದಾಗಿರಲಿ: ಸಂಜೆ ವಿದ್ಯುತ್ ಕೊಡುವ ಮೊದಲು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸಾಲಿನ ಮೊದಲ ಪ್ಲಗ್ಗಿನ ಅರ್ಥ್ ಪಿನ್ನಿಗೂ ಇನ್ನೊಂದನ್ನು ಕೊನೆಯ ದೀಪದ ಲೋಹದ ಮೈಗೂ ಇಟ್ಟು, ಮುಳ್ಳು ಒಂದು ಓಮಿಗಿಂತ ಮೇಲೆ ತೋರಿದರೆ, ಆ ಸಾಲನ್ನು ಜೋಡಣೆ ಜೋಡಣೆಯಾಗಿ ಬಿಚ್ಚಿ ನೋಡುವವರೆಗೆ ಆ ಸಾಲಿಗೆ ವಿದ್ಯುತ್ ಕೊಡತಕ್ಕದ್ದಲ್ಲ.